ಸ್ಯಾಕ್‌ವಿಲ್ ಹಡಗು: ನೋಡಲು ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆಯಲ್ಲಿ ಊರಿಂದ ಯಾರೇ ಬರಲಿ, ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನ ದಂಡೆಗೆ ಕರೆದುಕೊಂಡು ಹೋಗುವುದು ನಮ್ಮ ಮನೆಯ ರೂಢಿ. ಅಲ್ಲಿ ನಿಂತಿರುವ ಬಿಳಿ-ನೀಲಿ ಬಣ್ಣದ ಹಳೆಯ ಹಡಗನ್ನು ಕಂಡ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ಅತ್ತೆ ಕೇಳಿದ್ದನ್ನೇ ಮುಂದಿನ ವರ್ಷ ಚಿಕ್ಕಪ್ಪ ಕೇಳುತ್ತಾರೆ. ಒಮ್ಮೆ ಬರೆದಿಟ್ಟರೆ ಎಲ್ಲರಿಗೂ ಕಳಿಸಬಹುದು ಅನ್ನಿಸಿತು.

ಇಷ್ಟು ಚಿಕ್ಕದು ಯುದ್ಧದ ಹಡಗಾ?

ಹೌದು. ಎಚ್‌ಎಂಸಿಎಸ್ (ಕೆನಡಾ ನೌಕಾಪಡೆಯ ಹಡಗು ಅಂತ ಅರ್ಥ) ಸ್ಯಾಕ್‌ವಿಲ್ ಅಂತ ಹೆಸರು, ಮೈಮೇಲೆ ಬರೆದಿರುವ ಗುರುತು ಕೆ181. ಉದ್ದ 205 ಅಡಿ, ಅಗಲ 33 ಅಡಿ. ನಮ್ಮ ಕೆಂಪು ಬಸ್ಸುಗಳನ್ನು ಒಂದರ ಹಿಂದೆ ಒಂದು ಐದಾರು ನಿಲ್ಲಿಸಿದರೆ ಅಷ್ಟೇ ಉದ್ದ. ತೂಕ 950 ಟನ್, ಓಟ 16 ನಾಟ್, ಅಂದರೆ ಗಂಟೆಗೆ ಸುಮಾರು 30 ಕಿಲೋಮೀಟರ್. ಸೈಕಲ್ ತುಳಿಯುವವರಲ್ಲಿ ಜೋರಾಗಿರುವವರು ಈ ವೇಗ ಮುಟ್ಟುತ್ತಾರೆ. ಇದರ ಮೇಲೆ 85 ಜನ ಇರಬೇಕೆಂದು ಲೆಕ್ಕ ಹಾಕಿ ಕಟ್ಟಿದ್ದರು. ಯುದ್ಧ ಮುಂದುವರಿದಂತೆ ಹೊಸ ಯಂತ್ರಗಳು, ಅವುಗಳನ್ನು ನೋಡಿಕೊಳ್ಳುವವರು ಸೇರಿ ಜನ ಹೆಚ್ಚಾದರು. ಹಡಗು ಮಾತ್ರ ಬೆಳೆಯಲಿಲ್ಲ.

ಇದು ಫ್ಲವರ್ ವರ್ಗದ ಕಾರ್ವೆಟ್, ಅಂದರೆ ಸಣ್ಣ ಬೆಂಗಾವಲು ಹಡಗು. ಈ ವರ್ಗದಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಹಡಗುಗಳು ತಯಾರಾಗಿದ್ದವು. ಇಡೀ ಪ್ರಪಂಚದಲ್ಲಿ ಈಗ ಉಳಿದಿರುವುದು ಇದೊಂದೇ.

ಬೆಂಗಾವಲು ಹಡಗು ಅಂದರೆ ಏನು ಮಾಡುತ್ತಿತ್ತು?

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಊಟ, ಎಣ್ಣೆ, ಮದ್ದುಗುಂಡು ಎಲ್ಲದಕ್ಕೂ ಸಮುದ್ರದ ದಾರಿಯನ್ನೇ ನೆಚ್ಚಿಕೊಂಡಿತ್ತು. ಜರ್ಮನಿಯ ಜಲಾಂತರ್ಗಾಮಿಗಳು, ಅವನ್ನು ಯು-ಬೋಟ್ ಅನ್ನುತ್ತಾರೆ, ಆ ದಾರಿಯನ್ನು ಕತ್ತರಿಸಲು ಹೊಂಚು ಹಾಕುತ್ತಿದ್ದವು. ಸರಕು ಹಡಗುಗಳು ಒಂಟಿಯಾಗಿ ಹೋದರೆ ಬಲಿಯಾಗುತ್ತವೆ ಅಂತ ಮೂವತ್ತು, ನಲವತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಡಗುಗಳನ್ನು ಸಾಲು ಸಾಲಾಗಿ ಒಟ್ಟಿಗೆ ಹೊರಡಿಸುತ್ತಿದ್ದರು. ಅದಕ್ಕೆ ಕಾನ್ವಾಯ್ ಅಂತ ಹೆಸರು. ಮೊದಲ ಕಾನ್ವಾಯ್ ಹ್ಯಾಲಿಫ್ಯಾಕ್ಸ್‌ನಿಂದ ಹೊರಟಿದ್ದು 1939ರ ಸೆಪ್ಟೆಂಬರ್ 16ರಂದು. ಇಲ್ಲಿಯ ಬಂದರಿನ ಒಳಗೆ ಬೆಡ್‌ಫರ್ಡ್ ಬೇಸಿನ್ ಅನ್ನುವ ದೊಡ್ಡ ನೀರಿನ ಬಟ್ಟಲಿದೆ. ಹಡಗುಗಳು ಅಲ್ಲಿ ಸೇರಿ, ಕಿರಿದಾದ ಬಾಯಿಯಿಂದ ಒಂದೊಂದಾಗಿ ಹೊರಗೆ ಬರುತ್ತಿದ್ದವು.

ಕುರಿಮಂದೆಯನ್ನು ಮೇಯಿಸಲು ಹೊಡೆದುಕೊಂಡು ಹೋಗುವಾಗ ನಾಯಿ ಸುತ್ತ ಓಡಾಡುತ್ತದಲ್ಲ, ಸ್ಯಾಕ್‌ವಿಲ್‌ನ ಕೆಲಸ ಅದೇ. ಮಂದೆಯ ಅಂಚಿನಲ್ಲಿ ಹಗಲೂ ರಾತ್ರಿ ಅಂಕುಡೊಂಕಾಗಿ ಓಡುವುದು, ಕೆಳಗಿನ ಸದ್ದು ಕೇಳುವುದು, ಹಿಂದೆ ಬಿದ್ದ ಹಡಗನ್ನು ಗದರಿಸಿ ಸಾಲಿಗೆ ಸೇರಿಸುವುದು, ಟಾರ್ಪಿಡೊ (ನೀರಿನೊಳಗೆ ಓಡಿಬಂದು ಹೊಡೆಯುವ ಬಾಂಬು) ಬಿದ್ದ ಹಡಗಿನ ಜನರನ್ನು ನೀರಿನಿಂದ ಎತ್ತುವುದು. ಹೆಚ್ಚಿನ ದಿನಗಳು ಏನೂ ಆಗದೆ ಕಳೆಯುತ್ತಿದ್ದವು. ಏನೂ ಆಗದ ದಿನವೇ ಕೆಲಸ ಚೆನ್ನಾಗಿ ಆದ ದಿನ.

ಯುದ್ಧದ ಹಡಗಿಗೆ ಹೂವಿನ ಹೆಸರು ಯಾಕೆ?

ಇದು ನನಗೆ ತುಂಬ ಇಷ್ಟದ ಪ್ರಶ್ನೆ. ಬ್ರಿಟಿಷ್ ನೌಕಾಪಡೆ ಈ ವರ್ಗದ ತನ್ನ ಹಡಗುಗಳಿಗೆಲ್ಲ ಹೂವಿನ ಹೆಸರಿಟ್ಟಿತ್ತು. ಜಾಸ್ಮಿನ್, ಲೋಟಸ್, ಹೈಬಿಸ್ಕಸ್, ಮಾರಿಗೋಲ್ಡ್, ಸನ್‌ಫ್ಲವರ್. ಕನ್ನಡದಲ್ಲಿ ಹೇಳಿ ನೋಡಿ: ಮಲ್ಲಿಗೆ, ಕಮಲ, ದಾಸವಾಳ, ಚೆಂಡುಹೂವು, ಸೂರ್ಯಕಾಂತಿ. ಗಾಂಧಿ ಬಜಾರಿನ ಹೂವಿನ ಅಂಗಡಿ ಸಮುದ್ರಕ್ಕೆ ಇಳಿದ ಹಾಗಿದೆ. ಇದರಲ್ಲಿ ಚೆಂಡುಹೂವು 1941ರ ನವೆಂಬರ್‌ನಲ್ಲಿ ಯು-433 ಅನ್ನುವ ಜಲಾಂತರ್ಗಾಮಿಯನ್ನು ಮುಳುಗಿಸಿತು. ಮರುವರ್ಷ ಡಿಸೆಂಬರ್‌ನಲ್ಲಿ ತಾನೂ ಮುಳುಗಿತು.

ಕೆನಡಾದವರು ಮಾತ್ರ ಹೂವಿನ ಬದಲು ಊರಿನ ಹೆಸರಿಟ್ಟರು. ಸ್ಯಾಕ್‌ವಿಲ್ ಅನ್ನುವುದು ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಒಂದು ಸಣ್ಣ ಪಟ್ಟಣ. ಹ್ಯಾಲಿಫ್ಯಾಕ್ಸ್ ಪಕ್ಕದಲ್ಲೂ ಅದೇ ಹೆಸರಿನ ಊರಿದೆ. ಇಲ್ಲಿಯವರೇ ಅದು ತಮ್ಮ ಊರಿನ ಹಡಗು ಅಂದುಕೊಳ್ಳುವುದುಂಟು, ಅಲ್ಲ.

ಎಲ್ಲಿ, ಯಾವಾಗ ಕಟ್ಟಿದ್ದು?

ನ್ಯೂ ಬ್ರನ್ಸ್‌ವಿಕ್‌ನ ಸೇಂಟ್ ಜಾನ್ ಊರಿನಲ್ಲಿ. 1940ರ ಮೇ ತಿಂಗಳಲ್ಲಿ ಕೆಲಸ ಶುರು, 1941ರ ಮೇ 15ಕ್ಕೆ ನೀರಿಗೆ ಬಿಟ್ಟರು, ಅದೇ ವರ್ಷ ಡಿಸೆಂಬರ್ 30ಕ್ಕೆ ನೌಕಾಪಡೆಗೆ ಸೇರಿತು.

ಯಾರೋ "ಇದು ತಿಮಿಂಗಿಲ ಹಿಡಿಯುವ ದೋಣಿ" ಅಂದರು. ನಿಜವಾ?

ಅರ್ಧ ನಿಜ. ಇಂಗ್ಲೆಂಡಿನ ಸ್ಮಿತ್ಸ್ ಡಾಕ್ ಕಂಪನಿಯ ವಿಲಿಯಂ ರೀಡ್ ಅನ್ನುವವರು, ತಮ್ಮಲ್ಲೇ ಕಟ್ಟಿದ್ದ ಸದರ್ನ್ ಪ್ರೈಡ್ ಅನ್ನುವ ತಿಮಿಂಗಿಲ ಬೇಟೆ ಹಡಗಿನ ನಕ್ಷೆಯನ್ನು ಹಿಗ್ಗಿಸಿ ಈ ವರ್ಗವನ್ನು ರೂಪಿಸಿದರು. ಕಾರಣ ಸರಳ. ಯುದ್ಧದ ಹಡಗು ಕಟ್ಟಬಲ್ಲ ದೊಡ್ಡ ಕಾರ್ಖಾನೆಗಳು ದೊಡ್ಡ ಹಡಗುಗಳ ಕೆಲಸದಲ್ಲೇ ಮುಳುಗಿದ್ದವು. ಸರಕು ಹಡಗು, ಮೀನುಗಾರಿಕೆ ಹಡಗು ಕಟ್ಟಿ ರೂಢಿಯಿದ್ದ ಸಣ್ಣ ಕಾರ್ಖಾನೆಗಳೂ ಕಟ್ಟಬಲ್ಲಂಥದ್ದು ಬೇಕಿತ್ತು. ಹಾಗಾಗಿ ಟರ್ಬೈನ್ ಇಲ್ಲ, ಹಳೆಯ ಕಾಲದ ಹಬೆ ಎಂಜಿನ್. ಎರಡು ಬಾಯ್ಲರ್, ಒಂದೇ ಪ್ರೊಪೆಲರ್, 2750 ಅಶ್ವಶಕ್ತಿ. ಸರಕು ಹಡಗಿನಲ್ಲಿ ದುಡಿದವನಿಗೆ ಈ ಎಂಜಿನ್ ಮುಂದೆ ನಿಲ್ಲಿಸಿದರೆ ಹೊಸದಾಗಿ ಏನೂ ಕಲಿಸಬೇಕಿರಲಿಲ್ಲ.

ತಿಮಿಂಗಿಲದ ಬೆನ್ನು ಹತ್ತುವ ದೋಣಿ ಗಕ್ಕನೆ ತಿರುಗಬೇಕು, ಯಾವ ಬಿರುಗಾಳಿಗೂ ಮುಳುಗಬಾರದು. ಆ ಎರಡು ಗುಣ ಇದಕ್ಕೂ ಬಂದವು. ಮೂರನೆಯದೂ ಬಂತು: ವಿಪರೀತ ಹೊಯ್ದಾಟ. ಒದ್ದೆ ಹುಲ್ಲಿನ ಮೇಲೆ ಇಟ್ಟರೂ ಇದು ಹೊರಳುತ್ತದೆ ಅಂತ ನಾವಿಕರು ತಮಾಷೆ ಮಾಡುತ್ತಿದ್ದರು. ಅಂದಹಾಗೆ ಮೇಲೆ ಹೇಳಿದ 16 ನಾಟ್ ನೆನಪಿದೆಯಾ? ನೀರಿನ ಮೇಲೆ ಬಂದು ಓಡುವ ಯು-ಬೋಟ್ ಇದಕ್ಕಿಂತ ಜೋರು, 17ರ ಮೇಲೆ. ಅಂದರೆ ಕಳ್ಳನಿಗಿಂತ ಕಾವಲುಗಾರನೇ ನಿಧಾನ. ಯು-ಬೋಟ್ ನೀರಿನೊಳಗೆ ಇಳಿದರೆ ಮಾತ್ರ ಅದರ ವೇಗ ಅರ್ಧಕ್ಕಿಂತ ಕೆಳಗೆ ಬರುತ್ತಿತ್ತು. ಅದನ್ನು ಕೆಳಗೆ ಇಳಿಸಿದರೂ ಸಾಕು, ಕಾನ್ವಾಯ್ ಮುಂದೆ ಹೋಗಲು ಹೊತ್ತು ಸಿಗುತ್ತಿತ್ತು.

ನೀರಿನ ಕೆಳಗಿರುವ ಜಲಾಂತರ್ಗಾಮಿ ಹೇಗೆ ಗೊತ್ತಾಗುತ್ತಿತ್ತು?

ಸದ್ದಿನಿಂದ. ಆಸ್ಡಿಕ್ ಅನ್ನುವ ಯಂತ್ರ ಹಡಗಿನ ತಳದಿಂದ ನೀರಿನೊಳಗೆ "ಪಿಂಗ್" ಅಂತ ಸದ್ದಿನ ಅಲೆ ಬಿಡುತ್ತಿತ್ತು. ಅಡ್ಡ ಏನಾದರೂ ಇದ್ದರೆ ಸದ್ದು ಮರಳುತ್ತಿತ್ತು. ಹೋಗಿ ಬರಲು ಹಿಡಿದ ಹೊತ್ತಿನಿಂದ ದೂರ, ಸದ್ದು ಬಂದ ಕಡೆಯಿಂದ ದಿಕ್ಕು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗಂಟೆಗಟ್ಟಲೆ ಕೂತವನು ಇದು ಉಕ್ಕಿನ ಮೈಯೋ, ಮೀನಿನ ಹಿಂಡೋ, ಬರೀ ತಣ್ಣೀರು-ಬೆಚ್ಚನೆ ನೀರಿನ ಗಡಿಯೋ ಅಂತ ತೀರ್ಮಾನಿಸಬೇಕಿತ್ತು. ತಪ್ಪಿದರೆ ಮದ್ದು ದಂಡ, ಇಲ್ಲವೇ ಹಡಗು ದಂಡ.

ಗುರಿ ಖಚಿತವಾದರೆ ಡೆಪ್ತ್ ಚಾರ್ಜ್. ಎಣ್ಣೆ ಪೀಪಾಯಿಯ ಹಾಗೆ ಕಾಣುವ ಇವುಗಳಲ್ಲಿ ತಲಾ ಸುಮಾರು 130 ಕೆ.ಜಿ. ಸ್ಫೋಟಕ. ಎಷ್ಟು ಆಳಕ್ಕೆ ಇಳಿದ ಮೇಲೆ ಸಿಡಿಯಬೇಕೆಂದು ಮೊದಲೇ ಕೀಲಿಯಲ್ಲಿ ಹೊಂದಿಸುತ್ತಿದ್ದರು. ನೀರಿನ ಒತ್ತಡವೇ ಅದನ್ನು ಸಿಡಿಸುತ್ತಿತ್ತು. ಹಿಂಭಾಗದ ಕಂಬಿಗಳಿಂದ ಉರುಳಿಸುವುದು ಒಂದು ಬಗೆ, ಎಡಕ್ಕೂ ಬಲಕ್ಕೂ ಎಸೆಯುವುದು ಇನ್ನೊಂದು. ಕಂಬಿಗಳನ್ನು ಈಗಲೂ ಹಡಗಿನ ಹಿಂದೆ ನೋಡಬಹುದು.

ಇಲ್ಲೊಂದು ಎಡವಟ್ಟಿತ್ತು. ಹಡಗು ತೀರ ಹತ್ತಿರ ಬಂದಾಗ ಆಸ್ಡಿಕ್‌ನ ಸದ್ದು ಜಲಾಂತರ್ಗಾಮಿಯ ತಲೆಯ ಮೇಲಿಂದ ಹಾದುಹೋಗಿ ಸುಳಿವು ಕೈತಪ್ಪುತ್ತಿತ್ತು. ಆ ಕೊನೆಯ ನೂರಿನ್ನೂರು ಗಜ ಕುರುಡಾಗಿ ಓಡಿ ಅಂದಾಜಿನ ಮೇಲೆ ಪೀಪಾಯಿ ಉರುಳಿಸಬೇಕು. ಕೆಳಗಿರುವವನಿಗೆ ಮೇಲಿನ ಪ್ರೊಪೆಲರ್ ಸದ್ದು ಚೆನ್ನಾಗಿ ಕೇಳುತ್ತದೆ, ಅಷ್ಟರಲ್ಲಿ ಪಕ್ಕಕ್ಕೆ ಸರಿಯುತ್ತಾನೆ. ಇದಕ್ಕೆ ಪರಿಹಾರವಾಗಿ ಆಮೇಲೆ ಬಂದದ್ದು ಹೆಡ್ಜ್‌ಹಾಗ್, ಹೆಸರಿಗೆ ತಕ್ಕಂತೆ ಮುಳ್ಳುಹಂದಿಯಂತೆ ಸೆಟೆದು ನಿಂತ 24 ಸಣ್ಣ ಬಾಂಬುಗಳು. ಸುಳಿವು ಇನ್ನೂ ಕೈಯಲ್ಲಿರುವಾಗಲೇ ಹಡಗಿನ ಮುಂದಕ್ಕೆ ಹಾರಿಸುವಂಥವು. ತಗುಲಿದರೆ ಮಾತ್ರ ಸಿಡಿಯುತ್ತಿದ್ದವು. ಸದ್ದು ಕೇಳಿಸಿದರೆ ಬಿತ್ತು ಅಂತ ಅರ್ಥ.

ಇದು ಎಷ್ಟು ಜಲಾಂತರ್ಗಾಮಿ ಮುಳುಗಿಸಿತು?

ಒಂದೂ ಇಲ್ಲ. ಇದನ್ನು ಹೇಳಿದ ಕೂಡಲೇ ನೆಂಟರ ಮುಖ ಸಪ್ಪಗಾಗುತ್ತದೆ, ಅದಕ್ಕೇ ಮುಂದಿನದನ್ನು ಬೇಗ ಹೇಳುತ್ತೇನೆ.

1942ರ ಆಗಸ್ಟ್ ಮೊದಲ ವಾರ. ಓಎನ್ 115 ಅನ್ನುವ ಕಾನ್ವಾಯ್ ಬ್ರಿಟನ್‌ನಿಂದ ಅಮೆರಿಕ ಖಂಡದ ಕಡೆಗೆ ಮರಳುತ್ತಿತ್ತು. ಆ ಹೊತ್ತಿಗೆ ಸ್ಯಾಕ್‌ವಿಲ್‌ನ ಕಪ್ತಾನ ಆಲನ್ ಈಸ್ಟನ್. ನ್ಯೂಫೌಂಡ್‌ಲ್ಯಾಂಡ್‌ನ ಆಚೆ, ಮಂಜು ಮುಸುಕಿದ ಕಡಲಿನಲ್ಲಿ ಯು-ಬೋಟ್‌ಗಳು ಸುತ್ತುವರಿದವು. ಸ್ಯಾಕ್‌ವಿಲ್ ಮೊದಲು ಯು-43ರ ಮೇಲೆ ಡೆಪ್ತ್ ಚಾರ್ಜ್ ಹಾಕಿತು. ಸ್ಫೋಟದ ಹೊಡೆತಕ್ಕೆ ಅದರ ಮೂತಿ ನೀರಿನಿಂದ ಮೇಲೆ ಎದ್ದು ಮತ್ತೆ ಒಳಗೆ ಸರಿಯಿತು. ಮುಳುಗಿತು ಅಂತಲೇ ಎಲ್ಲರೂ ನಂಬಿದರು. ಆದರೆ ಅದು ಗಾಯ ಮಾಡಿಕೊಂಡು ಮನೆ ಸೇರಿತ್ತು.

ಮುಂದೆ ಎದುರಾದದ್ದು ಯು-552. ಗೋಪುರದ ಮೇಲೆ ಕೆಂಪು ಪಿಶಾಚಿಯ ಚಿತ್ರ ಬರೆಸಿಕೊಂಡಿದ್ದ, ಎರಿಕ್ ಟೋಪ್ ನಡೆಸುತ್ತಿದ್ದ ಕುಖ್ಯಾತ ದೋಣಿ. ಅಮೆರಿಕ ಯುದ್ಧಕ್ಕೆ ಇಳಿಯುವ ಮೊದಲೇ, 1941ರ ಅಕ್ಟೋಬರ್ 31ರಂದು, ರೂಬೆನ್ ಜೇಮ್ಸ್ ಎಂಬ ಅಮೆರಿಕದ ಡಿಸ್ಟ್ರಾಯರ್ ಯುದ್ಧನೌಕೆಯನ್ನು ಮುಳುಗಿಸಿದ್ದು ಇದೇ. ಆಗಸ್ಟ್ 3ರಂದು ಮಂಜಿನಲ್ಲಿ ಹತ್ತಿರದಲ್ಲೇ ಕಂಡಾಗ ಸ್ಯಾಕ್‌ವಿಲ್‌ನ ನಾಲ್ಕು ಇಂಚಿನ ತೋಪು ಹಾರಿಸಿದ ಗುಂಡು ಅದರ ಗೋಪುರದ ಬುಡಕ್ಕೆ ತಗುಲಿತು. ಅದೂ ಕುಂಟುತ್ತಾ ವಾಪಸ್ಸು. ತಿಮಿಂಗಿಲ ದೋಣಿಯ ತಮ್ಮನಂಥ ಹಡಗೊಂದು ಇಬ್ಬರನ್ನು ಆಟದಿಂದ ಹೊರಗಟ್ಟಿತು ಅಂತಾಯಿತು. ಈಸ್ಟನ್‌ಗೆ ಪದಕ ಬಂತು.

ಇದರ ಮೇಲೆ ದಾಳಿ ಆಗಲಿಲ್ಲವಾ?

ಪಕ್ಕದಲ್ಲೇ ಆಯಿತು. 1943ರ ಸೆಪ್ಟೆಂಬರ್‌ನಲ್ಲಿ ಓಎನ್‌ಎಸ್ 18 ಮತ್ತು ಓಎನ್ 202 ಅನ್ನುವ ಎರಡು ಕಾನ್ವಾಯ್‌ಗಳ ಸುತ್ತ ಹೋರಾಟ ನಡೆಯಿತು. ಪ್ರೊಪೆಲರ್ ಸದ್ದನ್ನೇ ಹಿಂಬಾಲಿಸಿ ಬಂದು ಹೊಡೆಯುವ ಹೊಸ ಟಾರ್ಪಿಡೊ ಜರ್ಮನ್ನರ ಕೈಗೆ ಆಗಷ್ಟೇ ಬಂದಿತ್ತು, ಅದರ ಗುರಿಯೇ ಬೆಂಗಾವಲು ಹಡಗು. ಸ್ಯಾಕ್‌ವಿಲ್ ಇದ್ದ ಗುಂಪಿನ ಸೇಂಟ್ ಕ್ರಾಯ್ ಮುಳುಗಿತು. ಪಾಲಿಯಾಂಥಸ್ ಮುಳುಗಿತು. ಬದುಕಿದವರನ್ನು ಇಚೆನ್ ಅನ್ನುವ ಹಡಗು ನೀರಿನಿಂದ ಎತ್ತಿಕೊಂಡಿತು. ಎರಡು ದಿನ ಕಳೆದು ಇಚೆನ್ ಕೂಡ ಮುಳುಗಿತು. ಸೇಂಟ್ ಕ್ರಾಯ್‌ನ ಇಡೀ ಸಿಬ್ಬಂದಿಯಲ್ಲಿ ಕೊನೆಗೆ ಉಳಿದದ್ದು ಒಬ್ಬನೇ. ಸ್ಯಾಕ್‌ವಿಲ್ ಉಳಿದುಕೊಂಡಿತು. ಯಾಕೆ ಅಂದರೆ ಉತ್ತರ ಅದೃಷ್ಟ ಅಷ್ಟೇ.

ಒಳಗೆ ಜನ ಹೇಗೆ ಇರುತ್ತಿದ್ದರು? ಊಟ?

ಮುಂಭಾಗದಲ್ಲಿ ನಾವಿಕರ ಕೋಣೆಗಳಿವೆ. ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಬಟ್ಟೆ ಒಣಗಿಸುವುದು. ರಾತ್ರಿ ಮೇಜಿನ ಮೇಲೆಯೇ ಬಟ್ಟೆಯ ತೂಗುಹಾಸಿಗೆ ಕಟ್ಟಿಕೊಂಡು ಮಲಗುತ್ತಿದ್ದರು, ಒಬ್ಬರ ಮೈಗೆ ಒಬ್ಬರ ಮೈ ತಾಗುವಷ್ಟು ಹತ್ತಿರ. ತೊಟ್ಟಿಲಿನ ಹಾಗೆ ತೂಗುವುದರಿಂದ ಹಡಗು ಎಷ್ಟೇ ಹೊಯ್ದಾಡಿದರೂ ಮಲಗಿದವನು ಬೀಳುತ್ತಿರಲಿಲ್ಲ. ಮೇಲಿನ ಸಂದುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಕಡಲಿಗೆ ಇಳಿದ ದಿನ ಒದ್ದೆಯಾದ ಬಟ್ಟೆ ಇನ್ನೊಂದು ದಡ ಮುಟ್ಟುವವರೆಗೆ ಒದ್ದೆಯೇ.

ಮೊದಮೊದಲು ಕಟ್ಟಿದ ಕಾರ್ವೆಟ್‌ಗಳಲ್ಲಿ ಅಡುಗೆ ಕೋಣೆ ಹಿಂದೆ, ಉಣ್ಣುವವರು ಮುಂದೆ. ನಡುವೆ ತೆರೆದ ಡೆಕ್. ಬಿಸಿ ಊಟದ ಪಾತ್ರೆ ಹಿಡಿದು, ಅಲೆ ಬರುವುದನ್ನು ಕಣ್ಣಲ್ಲೇ ಅಳೆದು ಓಡಬೇಕು. ಎಷ್ಟೋ ಸಲ ಪಾತ್ರೆ ತಲುಪುತ್ತಿತ್ತು, ಒಳಗಿದ್ದದ್ದು ಉಪ್ಪುನೀರು. ನಾನು ಇದನ್ನು ಹೇಳಿದಾಗ ಅತ್ತೆ ಒಂದು ನಿಮಿಷ ಸುಮ್ಮನಿದ್ದು, "ಸಾರಿಗೆ ಉಪ್ಪು ಹಾಕೋ ಕೆಲಸ ಉಳಿಯಿತು ಬಿಡು" ಅಂದರು. 1944ರಲ್ಲಿ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಸ್ಯಾಕ್‌ವಿಲ್‌ನ ಮುಂಭಾಗದ ಛಾವಣಿಯನ್ನು ಹಿಂದಕ್ಕೆ ಉದ್ದ ಮಾಡಿದರು. ನಾವು ಈಗ ನೋಡುವುದು ಆ ಸುಧಾರಿಸಿದ ರೂಪ. ಹಾಗಾಗಿ ಒಳಗೆ ನಡೆಯುವಾಗ "ಪರವಾಗಿಲ್ಲವಲ್ಲ" ಅನ್ನಿಸಿದರೆ, ಅದಕ್ಕೆ ಮುಂಚಿನ ಎರಡು ಚಳಿಗಾಲಗಳನ್ನು ನೀವೇ ಊಹಿಸಿಕೊಳ್ಳಬೇಕು.

ತಾಜಾ ಬ್ರೆಡ್ ಕೆಲವೇ ದಿನ, ಆಮೇಲೆ ಬೂಸ್ಟು. ಬೂಸ್ಟು ಕೆರೆದು ತಿನ್ನುವುದು, ಅದೂ ಮುಗಿದರೆ ಕಲ್ಲಿನಂಥ ಬಿಸ್ಕತ್ತು, ಡಬ್ಬಿಯ ಮಾಂಸ. ಡಬ್ಬಿ ಟೊಮೇಟೊ ಜೊತೆ ಬೇಕನ್ ಬೇಯಿಸಿದ ಪದಾರ್ಥಕ್ಕೆ ಅವರಿಟ್ಟ ಹೆಸರು "ರೆಡ್ ಲೆಡ್", ಹಡಗಿನ ತಳಕ್ಕೆ ಬಳಿಯುವ ಕೆಂಪು ಬಣ್ಣದ ಹೆಸರು. ರಾತ್ರಿ ಪಾಳಿಯವರಿಗೆ ಗಟ್ಟಿ ಚಾಕೊಲೇಟ್ ಕರಗಿಸಿದ ಬಿಸಿ ಕೋಕೋ. ದಿನಕ್ಕೊಮ್ಮೆ ಅಳತೆಯ ರಮ್.

ಎಲ್ಲ ಗುಜರಿಗೆ ಹೋದವು, ಇದೊಂದೇ ಹೇಗೆ ಉಳಿಯಿತು?

ಕೆಟ್ಟುಹೋಗಿದ್ದರಿಂದ! 1944ರಲ್ಲಿ ಇದರ ಒಂದು ಬಾಯ್ಲರ್ ದುರಸ್ತಿಗೆ ಮೀರಿ ಹಾಳಾಗಿರುವುದು ಗೊತ್ತಾಯಿತು. ಕಾನ್ವಾಯ್ ಕೆಲಸಕ್ಕೆ ಇನ್ನು ಆಗದು ಅಂತ ಆ ಬಾಯ್ಲರ್ ಕಿತ್ತು, ಅಲ್ಲಿ ಕೇಬಲ್ ಸುರುಳಿ ಇಡಲು ಜಾಗ ಮಾಡಿದರು. ಬಂದರುಗಳ ಬಾಯಲ್ಲಿ, ಮೇಲೆ ಜಲಾಂತರ್ಗಾಮಿ ಹಾದರೆ ಸುಳಿವು ಕೊಡುವ ತಂತಿಗಳನ್ನು ಸಮುದ್ರದ ತಳದಲ್ಲಿ ಹಾಸುವ ಕೆಲಸ ಸಿಕ್ಕಿತು. ಯುದ್ಧ ಮುಗಿದಾಗ ಗಟ್ಟಿಮುಟ್ಟಾಗಿದ್ದ ಕಾರ್ವೆಟ್‌ಗಳನ್ನೆಲ್ಲ ಮಾರಿದರು, ಒಡೆದರು. ಕೆನಡಾ ನೌಕಾಪಡೆಯಲ್ಲಿ 123 ಕಾರ್ವೆಟ್‌ಗಳಿದ್ದವು. ಕುಂಟುಕಾಲಿನ ಇದಕ್ಕೆ ಮಾತ್ರ ಬೇರೆ ಕೆಲಸ ಇತ್ತು. 1950ರ ದಶಕದಿಂದ 1982ರವರೆಗೆ ಸಮುದ್ರ ವಿಜ್ಞಾನಿಗಳನ್ನು ಹೊತ್ತು ತಿರುಗಿತು. ಯುದ್ಧ ಮಾಡಿದ್ದು ಎರಡೂವರೆ ವರ್ಷವಿಲ್ಲ, ವಿಜ್ಞಾನದ ಚಾಕರಿ ಸುಮಾರು ಮೂವತ್ತು ವರ್ಷ.

ವಿಜ್ಞಾನಿಗಳ ಕೆಲಸ ಮುಗಿದಾಗ ಹಳೆಯ ನಾವಿಕರು ಎಚ್ಚೆತ್ತರು. ಬೇರೆ ಕಾರ್ವೆಟ್ ಹುಡುಕಿದರೆ ಎಲ್ಲೂ ಇಲ್ಲ. ಟ್ರಸ್ಟ್ ಒಂದನ್ನು ಕಟ್ಟಿ 1983ರಲ್ಲಿ ಹಡಗನ್ನು ಪಡೆದು, ಮೂವತ್ತು ವರ್ಷದಲ್ಲಿ ಸೇರಿಕೊಂಡಿದ್ದ ಕೋಣೆ-ಕಪಾಟುಗಳನ್ನೆಲ್ಲ ಕಿತ್ತು, 1944ರ ಚಹರೆಗೆ ತಂದರು. 1985ರಲ್ಲಿ ಕೆನಡಾದ ನೌಕಾ ಸ್ಮಾರಕ ಅಂತ ಘೋಷಣೆಯಾಯಿತು.

ಬಿಳಿ, ತಿಳಿನೀಲಿ ಬಣ್ಣ ಯಾಕೆ? ಬೂದು ಇರಬೇಕಲ್ಲ?

ಉತ್ತರ ಅಟ್ಲಾಂಟಿಕ್‌ನ ಆಕಾಶ ಯಾವಾಗಲೂ ಮಬ್ಬು. ಆ ಹಿನ್ನೆಲೆಯಲ್ಲಿ ಕಡು ಬೂದಿಗಿಂತ ಬಿಳಿಯೇ ಕರಗಿಹೋಗುತ್ತದೆ. ಬಿಸಿಲಿನಲ್ಲಿ ನೋಡಿದರೆ ನಂಬಿಕೆ ಬರದು, ಹ್ಯಾಲಿಫ್ಯಾಕ್ಸ್‌ಗೆ ಮಂಜು ಇಳಿದ ದಿನ ನೋಡಿ.

ಮೇ ತಿಂಗಳಲ್ಲಿ ಇದರ ಮೇಲೆ ಏನೋ ಪೂಜೆ ನಡೆಯುತ್ತದಂತೆ?

ಪೂಜೆಯಲ್ಲ, ಆದರೆ ನಮಗೆ ಬೇಗ ಅರ್ಥವಾಗುವ ಸಂಗತಿ. ಮೇ ತಿಂಗಳ ಮೊದಲ ಭಾನುವಾರ ಅಟ್ಲಾಂಟಿಕ್ ಯುದ್ಧದ, ಅಂದರೆ ಈ ಕಾನ್ವಾಯ್‌ಗಳ ದಾರಿಗಾಗಿ ನಡೆದ ಹೋರಾಟದ ಸ್ಮರಣೆ. ಆ ದಿನ ಹಡಗನ್ನು ಪಾಯಿಂಟ್ ಪ್ಲೆಸೆಂಟ್ ಎಂಬ ಭೂಶಿರದ ಆಚೆಗೆ ತೆಗೆದುಕೊಂಡು ಹೋಗಿ, ತೀರಿಕೊಂಡ ನಾವಿಕರ ಚಿತಾಭಸ್ಮವನ್ನು ಕುಟುಂಬದವರ ಎದುರು ಕಡಲಿಗೆ ಬಿಡುತ್ತಾರೆ. ಚಿಕ್ಕಪ್ಪನಿಗೆ ಇದನ್ನು ಹೇಳಿದಾಗ ಅವರು ಮಾತಾಡದೆ ಹಡಗಿನ ಹಿಂಭಾಗದ ಕಂಬಿ ಹಿಡಿದು ನೀರನ್ನೇ ನೋಡುತ್ತಾ ನಿಂತರು. ಶ್ರೀರಂಗಪಟ್ಟಣದ ಸಂಗಮದಲ್ಲಿ ಅಜ್ಜನ ಅಸ್ಥಿ ಬಿಟ್ಟದ್ದು ಅವರೇ.

ಭಾರತಕ್ಕೂ ಇದಕ್ಕೂ ಸಂಬಂಧ ಇದೆಯಾ?

ಈ ಹಡಗಿಗೆ ನೇರವಾಗಿ ಇಲ್ಲ, ಇದರ ಅಕ್ಕತಂಗಿಯರಿಗೆ ಇದೆ. ಯುದ್ಧದ ಕೊನೆಯಲ್ಲಿ ಫ್ಲವರ್ ವರ್ಗದ ನಾಲ್ಕು ಹಡಗು ರಾಯಲ್ ಇಂಡಿಯನ್ ನೇವಿಗೆ ಬಂದವು. ಹೂವಿನ ಹೆಸರು ಕಳಚಿ ಅಸ್ಸಾಂ, ಗೊಂಡ್ವಾನಾ, ಮಹ್ರಟ್ಟ, ಸಿಂಧ್ ಆದವು. ಅದಕ್ಕಿಂತ ದೊಡ್ಡ ಬೆಂಗಾವಲು ಹಡಗುಗಳಾದ ಸ್ಲೂಪ್‌ಗಳಿಗೆ ನದಿಗಳ ಹೆಸರು: ಜಮುನಾ, ಸಟ್ಲೆಜ್, ನರ್ಮದಾ, ಗೋದಾವರಿ, ಕೃಷ್ಣಾ. ಆರನೆಯದು ನಮ್ಮ ಕಾವೇರಿ! 1943ರಲ್ಲಿ ಸೇವೆಗೆ ಸೇರಿ ಸ್ವಾತಂತ್ರ್ಯದ ನಂತರವೂ ಭಾರತೀಯ ನೌಕಾಪಡೆಯಲ್ಲಿ ದುಡಿಯಿತು. ಅದನ್ನು ಉಳಿಸಿಕೊಳ್ಳಲಿಲ್ಲ ಅನ್ನುವುದು ನನ್ನ ಹೊಟ್ಟೆಕಿಚ್ಚಿನ ಸಂಗತಿ.

ಕಾನ್ವಾಯ್‌ನ ಸರಕು ಹಡಗುಗಳಲ್ಲೂ ನಮ್ಮವರಿದ್ದರು. ಬ್ರಿಟಿಷ್ ಹಡಗುಗಳ ಬಾಯ್ಲರ್ ಮುಂದೆ, ಅಡುಗೆ ಕೋಣೆಯಲ್ಲಿ, ಡೆಕ್ ಮೇಲೆ ಸಾವಿರಾರು ಭಾರತೀಯ ಲಸ್ಕರ್‌ಗಳು, ಅಂದರೆ ಹಡಗಿನ ಕೆಲಸಗಾರರು, ದುಡಿದರು. ಬಂಗಾಳದವರು, ಗೋವಾದವರು, ಕರಾವಳಿಯ ಬೇರೆ ಕಡೆಯವರು. ಆರು ಸಾವಿರಕ್ಕೂ ಹೆಚ್ಚು ಜನ ಆ ಯುದ್ಧದಲ್ಲಿ ಸತ್ತರು.

ಕಾರವಾರದಲ್ಲಿರುವ ಹಡಗೂ ಇಂಥದ್ದೇನಾ?

ಅಲ್ಲ. ಟ್ಯಾಗೋರ್ ಕಡಲತೀರದಲ್ಲಿ ಮರಳಿನ ಮೇಲೆ ನಿಲ್ಲಿಸಿರುವ ಐಎನ್‌ಎಸ್ ಚಪಲ್ ಕ್ಷಿಪಣಿ ದೋಣಿ, ರಷ್ಯಾದ ಓಸಾ ಮಾದರಿಯದು. ಅದರ ಕೆಲಸ ಕಾಯುವುದಲ್ಲ, ಹೊಡೆದು ಓಡುವುದು. 1971ರ ಕರಾಚಿ ದಾಳಿಗೆ ಹೋಗಿದ್ದು ಇದೇ ಅಂತ ಹೇಳುವವರಿದ್ದಾರೆ. ಚಪಲ್ ಸೇವೆಗೆ ಸೇರಿದ್ದೇ 1976ರಲ್ಲಿ, ಲೆಕ್ಕ ತಾಳೆಯಾಗದು. ಕರಾಚಿಗೆ ಹೋಗಿದ್ದು ಅದಕ್ಕೆ ಮುಂಚಿನ ನಿಪಾತ್, ನಿರ್ಘಾತ್, ವೀರ್, ವಿನಾಶ್. ಆದರೂ ಮಕ್ಕಳನ್ನು ಕರೆದುಕೊಂಡು ಹೋಗಿ. ಹಡಗಿನ ಒಳಗೆ ಎಷ್ಟು ಇಕ್ಕಟ್ಟು ಅನ್ನುವುದು ಕೆನಡಾಕ್ಕೆ ಬರದೆಯೇ ಗೊತ್ತಾಗುತ್ತದೆ.

ವಯಸ್ಸಾದವರು, ಮಕ್ಕಳು ನೋಡಬಹುದಾ? ಯಾವಾಗ ಬರಬೇಕು?

ಬೇಸಿಗೆಯಲ್ಲಿ ಬನ್ನಿ. ಚಳಿಗಾಲದಲ್ಲಿ ಹಡಗು ನೌಕಾಪಡೆಯ ಧಕ್ಕೆಗೆ ಹೋಗುತ್ತದೆ, ಅಲ್ಲಿಗೆ ನಮಗೆ ಪ್ರವೇಶವಿಲ್ಲ. ಎಂಬತ್ತು ದಾಟಿದ ಉಕ್ಕಿನ ಮೈ, ದುರಸ್ತಿ ಇದ್ದೇ ಇರುತ್ತದೆ, ಹಾಗಾಗಿ ಹೊರಡುವ ಮುನ್ನ ತೆರೆದಿದೆಯೇ ಅಂತ ವಿಚಾರಿಸಿಕೊಳ್ಳಿ. ಮುಚ್ಚಿದ್ದರೂ ಬಂದದ್ದು ದಂಡವಲ್ಲ. ಪಕ್ಕದಲ್ಲೇ ಅಟ್ಲಾಂಟಿಕ್ ಕಡಲ ವಸ್ತುಸಂಗ್ರಹಾಲಯ, ಅದರ ಧಕ್ಕೆಯಲ್ಲಿ ಎರಡೂ ಮಹಾಯುದ್ಧ ಕಂಡ ಅಕೇಡಿಯಾ ಹಡಗಿದೆ.

ಮೇಲಿನ ಡೆಕ್ ಎಲ್ಲರೂ ನೋಡಬಹುದು. ಒಳಗಿನ ಮೆಟ್ಟಿಲುಗಳು ಏಣಿಯಷ್ಟು ಕಡಿದು. ಇಳಿಯುವಾಗ ಮುಖ ಮೆಟ್ಟಿಲ ಕಡೆಗೇ ಇರಲಿ, ಎರಡೂ ಕೈ ಕಂಬಿಯ ಮೇಲಿರಲಿ. ಬಾಗಿಲುಗಳ ಹೊಸ್ತಿಲು ಹಳ್ಳಿಮನೆಯ ಹೊಸ್ತಿಲಿಗಿಂತ ಎತ್ತರ, ಮೇಲಿನ ಅಂಚು ಹಳ್ಳಿಮನೆಯಷ್ಟೇ ತಗ್ಗು. ಸೀರೆ ಉಟ್ಟವರು ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳಿ, ಮೊಣಕಾಲು ನೋವಿದ್ದವರು ಎಂಜಿನ್ ಕೋಣೆಗೆ ಇಳಿಯುವ ಸಾಹಸ ಬೇಡ. ಜುಲೈ ಆದರೂ ಒಂದು ಸ್ವೆಟರ್ ತನ್ನಿ, ನೀರಿನ ಮೇಲಿನ ಗಾಳಿ ಬೇರೆಯೇ.

ಒಂದೇ ಒಂದು ಜಾಗ ನೋಡಲು ಹೊತ್ತಿದ್ದರೆ?

ಬ್ರಿಡ್ಜ್, ಅಂದರೆ ಕಪ್ತಾನ ನಿಂತು ಹಡಗು ನಡೆಸುವ ಎತ್ತರದ ಜಾಗ, ಅದರ ಮೇಲೆ ಹತ್ತಿ. ಅಲ್ಲಿ ಛಾವಣಿಯಿಲ್ಲ. ಆಕಾಶ, ದಿಕ್ಸೂಚಿ, ಕೆಳಗೆ ಮಾತಾಡಲು ಹಿತ್ತಾಳೆಯ ಕೊಳವೆ. ಜನವರಿಯಲ್ಲೂ ಒಂದೊಂದು ಪಾಳಿಗೆ ನಾಲ್ಕು ತಾಸು ಇಲ್ಲಿಯೇ ನಿಲ್ಲುತ್ತಿದ್ದರು.